ತಿಳಿನೀರಲ್ಲಿ ಸತ್ತ ಮೀನುಗಳು

ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಆದರೂ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಬಿಟ್ಟ ಆರು ಗೋಲ್ಡ್‌ಫಿಷ್‌ಗಳು ಒಂದೇ ವಾರದಲ್ಲಿ ಸತ್ತವು. ಸಾಯುವ ಮೊದಲು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೂ ತುಂಬಾ ಸಂಕಟವಾಯಿತು.

ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೋನಿಯಾ. ತಿಂದ ಪ್ರೋಟೀನ್ ಮೈಯಲ್ಲಿ ಒಡೆದಾಗ ಹುಟ್ಟುವ ವಿಷ ಅದು. ಮೀನು ಅದನ್ನು ಹೆಚ್ಚಾಗಿ ಕಿವಿರುಗಳಿಂದಲೇ ಹೊರಗೆ ಬಿಡುತ್ತದೆ. ಹೊಳೆಯಲ್ಲಾದರೆ ಕೊಚ್ಚಿಕೊಂಡು ಹೋಗುತ್ತದೆ. ನನ್ನ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಅದಕ್ಕೆ ಬಣ್ಣವೂ ಇಲ್ಲ, ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೇ ಸಲ ಆತುರ ಪಡಲಿಲ್ಲ. ಸ್ಪಂಜಿನ ಫಿಲ್ಟರ್ ಹಾಕಿ, ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದೆ. ಅದು ಕೊಳೆತು ಅಮೋನಿಯಾ ಬಂತು. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯೂರಿದವು. ಒಂದು ಜಾತಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದರಿಂದ ಅಷ್ಟು ಅಪಾಯವಿಲ್ಲ. ಟೆಸ್ಟ್ ಕಿಟ್‌ನಲ್ಲಿ ಮೊದಲ ಎರಡೂ ಸೊನ್ನೆಗೆ ಬರೋಕೆ ಆರು ವಾರ ಹಿಡಿಯಿತು. ಆಮೇಲೆ ಬಿಟ್ಟಿದ್ದು ಎರಡೇ ಮೀನು. ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆಯಲೇಬಾರದು, ಆ ಬ್ಯಾಕ್ಟೀರಿಯಾ ಸಾಯುತ್ತವೆ. ನಾನು ತೊಟ್ಟಿಯ ನೀರಿನಲ್ಲೇ ಹಿಂಡುತ್ತೇನೆ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಮಲ್ಲಿಗೆ ಬಳ್ಳಿಗೆ ಹಾಕುತ್ತೇನೆ.

ಇಷ್ಟು ತಿಳಿದ ಮೇಲೆ ಕೊಟ್ಟಿಗೆಯ ನಾತವೂ ಅರ್ಥವಾಯಿತು. ಹಸುವಿನ ಸುತ್ತ ನೀರಿಲ್ಲವಲ್ಲ. ಅದರ ಲಿವರ್ ಅಮೋನಿಯಾವನ್ನು ಯೂರಿಯಾ ಮಾಡುತ್ತದೆ, ಕಿಡ್ನಿ ಅದನ್ನು ಗಂಜಲದಲ್ಲಿ ಕಳಿಸುತ್ತದೆ. ಆಗ ತಾನೇ ಬಿದ್ದ ಗಂಜಲಕ್ಕೆ ಅಂಥ ಘಾಟು ಇರುವುದಿಲ್ಲ. ಸಗಣಿ ಜೊತೆ ಸೇರಿದಾಗ ಸಗಣಿಯ ಸೂಕ್ಷ್ಮಜೀವಿಗಳು ಯೂರಿಯಾವನ್ನು ಮತ್ತೆ ಅಮೋನಿಯಾ ಮಾಡುತ್ತವೆ. ಹಾಗಾಗಿ ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಗಂಜಲ ಕಾಲುವೆಯಲ್ಲಿ ಹರಿದು ಗುಂಡಿಗೆ ಹೋಗುವಂತೆ ಮಾಡಿದೆ. ಸಗಣಿಯನ್ನು ಬೇರೆಯಾಗಿ ಬಾಚುತ್ತೇನೆ. ಹಾಲು ಕರೆಯುವಾಗ ಕಣ್ಣುರಿ ಬರುವುದು ನಿಂತೇ ಹೋಯಿತು. ಇನ್ನೊಂದು ವಿಷಯ ಹೇಳಲೇಬೇಕು. ಹಸು ಯೂರಿಯಾ ಪೂರ್ತಿ ಚೆಲ್ಲುವುದಿಲ್ಲ. ಒಂದಷ್ಟು ಜೊಲ್ಲಿನ ಮೂಲಕ ಹೊಟ್ಟೆಗೆ ವಾಪಸ್ ಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದರಿಂದ ಮತ್ತೆ ಪ್ರೋಟೀನ್ ಕಟ್ಟುತ್ತವೆ. ಒಣಹುಲ್ಲು ತಿಂದೂ ಅದು ಬದುಕುವ ಗುಟ್ಟಿನಲ್ಲಿ ಇದೂ ಒಂದು.

ಕೋಳಿ ಹಿಕ್ಕೆಯ ಮೇಲೆ ಸುಣ್ಣ ಮೆತ್ತಿದ ಹಾಗೆ ಬಿಳಿ ಇರುತ್ತದೆ ಅಲ್ವಾ? ಅದೇ ಕೋಳಿಯ ಮೂತ್ರ. ಅದಕ್ಕೆ ಮೂತ್ರಕೋಶವಿಲ್ಲ, ಎರಡಕ್ಕೂ ಒಂದೇ ಬಾಗಿಲು. ಬಿಳಿ ವಸ್ತು ಯೂರಿಕ್ ಆಮ್ಲ. ನೀರಿನಲ್ಲಿ ಕರಗುವುದೇ ಕಡಿಮೆ. ಮರಿ 21 ದಿನ ಮೊಟ್ಟೆಯೊಳಗೇ ಇರಬೇಕು, ಅಲ್ಲಿಂದ ಕಸ ಹೊರಗೆ ಹೋಗೋಕೆ ದಾರಿ ಇಲ್ಲ. ಕರಗದ ಕಸವಾದ್ದರಿಂದ ಒಂದು ಚೀಲದಲ್ಲಿ ಸುಮ್ನೆ ಕೂರುತ್ತದೆ, ಮರಿಗೆ ತೊಂದರೆಯಿಲ್ಲ. ಗೋಡೆಯ ಮೇಲಿನ ಹಲ್ಲಿಯ ಹಿಕ್ಕೆಗೂ ಅದೇ ಬಿಳಿ ತುದಿ.

ಆದರೆ ಒದ್ದೆಯಾದರೆ ಇದೂ ಅಮೋನಿಯಾ ಬಿಡುತ್ತದೆ. ಗೂಡಿನಲ್ಲಿ ಭತ್ತದ ಹೊಟ್ಟು ಹಾಸಿ, ಒಣಗಿರುವಂತೆ ನೋಡಿಕೊಳ್ಳುತ್ತೇನೆ. ಹಸಿ ಹಿಕ್ಕೆ ಹಾಕಿ ಒಮ್ಮೆ ಬದನೆ ಸಸಿಗಳೆಲ್ಲ ಸುಟ್ಟುಹೋದವು. ಈಗ ತರಗೆಲೆ ಜೊತೆ ಕೆಲವು ತಿಂಗಳು ಕೊಳೆಸಿಯೇ ಹಾಕುತ್ತೇನೆ.

ಈ ಮಳೆಗಾಲ ತೊಟ್ಟಿ ಪಕ್ಕದ ಹೊಂಡದಲ್ಲಿ ಗೊದಮೊಟ್ಟೆಗಳು ತುಂಬಿವೆ. ನೀರಲ್ಲಿ ಇರುವಷ್ಟು ದಿನ ಅವು ಮೀನಿನ ಹಾಗೆ ಅಮೋನಿಯಾ ಬಿಡುತ್ತವೆ. ಕಾಲು ಮೂಡಿ ದಡ ಹತ್ತುವ ಹೊತ್ತಿಗೆ ಅವುಗಳ ಲಿವರ್ ಯೂರಿಯಾ ಮಾಡೋಕೆ ಶುರು ಮಾಡಿರುತ್ತದೆ. ಮಗಳು ದಿನಾ ಬೆಳಿಗ್ಗೆ ಹೋಗಿ ಎಷ್ಟಕ್ಕೆ ಕಾಲು ಬಂತು ಎಂದು ಎಣಿಸುತ್ತಾಳೆ. ನಿನ್ನೆ 11 ಇದ್ದವು.