ಫೈಲ್‌ನಿಂದ ನಾನು ತೆಗೆದ ಒಂದು ಪದ

ಅಮೆರಿಕದ ಬಾಲ್ಟಿಮೋರ್‌ಗೆ ಕಣ್ಣಿನ ಡಾಕ್ಟರ್ ಆಗಿ ಬಂದ ಹೊಸದರಲ್ಲಿ ಒಂದು ಪದವನ್ನು ದಿನಕ್ಕೆ ಎಷ್ಟು ಸಲ ಟೈಪ್ ಮಾಡುತ್ತಿದ್ದೆನೋ ಲೆಕ್ಕವಿಲ್ಲ. 'ನಾನ್ ಕಂಪ್ಲೈಯಂಟ್'. ಹೇಳಿದ ಮಾತು ಕೇಳದವರು ಅಂತ ಅರ್ಥ. ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಶರ್ ಹೆಚ್ಚಾಗಿ ಕಣ್ಣಿನ ನರ ನಿಧಾನಕ್ಕೆ ಹಾಳಾಗುವ ಕಾಯಿಲೆ; ಪ್ರೆಶರ್ ಇಳಿಸಲು ದಿನಾ ಡ್ರಾಪ್ಸ್ ಹಾಕಬೇಕು. ಅದರ ಕ್ಲಿನಿಕ್ಕಿನಲ್ಲಿ ಈ ಪದ ಸುಲಭವಾಗಿ ಕೈಗೆ ಬರುತ್ತದೆ. ಕಣ್ಣಿನ ಪ್ರೆಶರ್ ಇಳಿದಿಲ್ಲ, ನರ ಇನ್ನಷ್ಟು ಹಾಳಾಗಿದೆ, ಅಂದರೆ ಇವರು ಡ್ರಾಪ್ಸ್ ಹಾಕಿಕೊಳ್ಳುತ್ತಿಲ್ಲ. ಬರೆದು ಮುಂದಿನ ರೋಗಿಯನ್ನು ಕರೆಯುತ್ತಿದ್ದೆ.

ಹಾಗೆ ಬರೆಸಿಕೊಂಡವರಲ್ಲಿ ಬಹುಪಾಲು ಕಪ್ಪು ಜನ ಅನ್ನೋದು ನನಗೆ ತಡವಾಗಿ ಹೊಳೆಯಿತು. ಹೊಳೆಸಿದವರು ಒಬ್ಬ ಅಜ್ಜಿ.

ಎಪ್ಪತ್ತು ದಾಟಿದ್ದ ಅವರ ಎಡಗಣ್ಣು ಆಗಲೇ ಮುಕ್ಕಾಲು ಹೋಗಿತ್ತು. ಫೈಲ್ ತುಂಬಾ ಅದೇ ಪದ, ನನ್ನ ಹಿಂದಿನವರದ್ದೂ ನನ್ನದೂ ಸೇರಿ. ಅವತ್ತು ಮುಂದಿನ ರೋಗಿ ಬಂದಿರಲಿಲ್ಲ, ಸ್ವಲ್ಪ ಬಿಡುವಿತ್ತು. 'ಡ್ರಾಪ್ಸ್ ಹೇಗೆ ಹಾಕ್ಕೊಳ್ತೀರಿ, ಒಂದ್ಸಲ ನನ್ನೆದುರಿಗೇ ತೋರಿಸ್ತೀರಾ?' ಅಂದೆ. ಅವರು ಪರ್ಸ್‌ನಿಂದ ಟಿಶ್ಯೂ ಕಾಗದದಲ್ಲಿ ಸುತ್ತಿದ್ದ ಬಾಟಲಿ ತೆಗೆದರು. ಬೆರಳ ಗೆಣ್ಣುಗಳೆಲ್ಲ ಊದಿಕೊಂಡಿದ್ದವು. ತಲೆ ಹಿಂದಕ್ಕೆ ಹಾಕಿ, ಎರಡೂ ಕೈಯಿಂದ ಒತ್ತಿದರು. ಮೊದಲ ಹನಿ ಕೆನ್ನೆಗೆ ಬಿತ್ತು. ಎರಡನೆಯದು ರೆಪ್ಪೆಗೂದಲಿಗೆ. ಮೂರನೆಯದು ಕಣ್ಣಿಗೆ.

ಆ ಬಾಟಲಿಯಲ್ಲಿ ಇರುವುದೇ ಎರಡೂವರೆ ಎಂಎಲ್. ಒಂದು ಹನಿಯ ಜಾಗದಲ್ಲಿ ಮೂರು ಹೋದರೆ ತಿಂಗಳು ಎಲ್ಲಿಂದ ಬರಬೇಕು? ಇಪ್ಪತ್ತನೇ ದಿನಕ್ಕೆ ಖಾಲಿ. ಅವಧಿಗೆ ಮೊದಲೇ ಇನ್ನೊಂದು ಬಾಟಲಿ ಬೇಕು ಅಂದರೆ ಅವರ ಇನ್ಶೂರೆನ್ಸ್ ದುಡ್ಡು ಕೊಡುತ್ತಿರಲಿಲ್ಲ.

'ಉಳಿದ ಹತ್ತು ದಿನ ಏನ್ಮಾಡ್ತೀರಿ?'

'ಕಾಯ್ತೀನಿ.'

ಆ ಕಾಯುವ ದಿನಗಳಲ್ಲೇ ಅವರು ನನ್ನೆದುರು ಬಂದು ಕೂತಿದ್ದರೆ ನಾನು ಪ್ರೆಶರ್ ನೋಡಿ ಏನು ಬರೆಯುತ್ತಿದ್ದೆ ಅಂತ ನನಗೆ ಗೊತ್ತಿತ್ತು. ಅವತ್ತು ಮನೆಗೆ ಹೋಗಿ ಸರಿಯಾಗಿ ಊಟ ಮಾಡಲಾಗಲಿಲ್ಲ.

ಹೊರಡುವಾಗ ಅವರ ಮಗಳು ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದಳು: 'ಡಾಕ್ಟರ್, ಅಮ್ಮನನ್ನು ಬರೀ ಹೆಸರು ಹಿಡಿದು ಕರೀಬೇಡಿ.' ಅಮೆರಿಕದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ ಅಂದುಕೊಂಡಿದ್ದೆ. ಇದರ ಹಿಂದೆ ಎಷ್ಟು ನೋವಿದೆ ಅಂತ ಆಮೇಲೆ ಓದಿ ತಿಳಿದೆ. ಒಂದು ಕಾಲದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೆ 'ಮಿಸ್ಟರ್', 'ಮಿಸೆಸ್'. ಕಪ್ಪು ಜನರು ಎಷ್ಟೇ ವಯಸ್ಸಾದವರಾಗಲಿ ಬರೀ ಹೆಸರು. ಅಂಥ ಒಂದು ರಾಜ್ಯವಾದ ಅಲಬಾಮಾದ ಕೋರ್ಟಿನಲ್ಲಿ ಮೇರಿ ಹ್ಯಾಮಿಲ್ಟನ್ ಎಂಬ ಕಪ್ಪು ಮಹಿಳೆಯನ್ನು ವಕೀಲ 'ಮೇರಿ' ಅಂತ ಕರೆದಾಗ ಆಕೆ ಉತ್ತರ ಕೊಡಲಿಲ್ಲ. ಅದಕ್ಕೆ ಕೋರ್ಟು ಶಿಕ್ಷೆ ಕೊಟ್ಟಿತು. 1964ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಬೇಕಾಯಿತು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರಿಗೆ 'ನೀನು', ಯಾರಿಗೆ 'ನೀವು' ಅನ್ನುವುದರಲ್ಲಿ ಏನೇನು ಅಡಗಿದೆ ಅಂತ ನಮ್ಮ ಊರುಗಳಲ್ಲಿ ನೋಡಿಯೇ ಬೆಳೆದಿದ್ದೇವೆ ಅಲ್ವಾ? ಏಕವಚನದಲ್ಲಿ ಮಾತಾಡಿಸುವವನ ಮುಂದೆ 'ನನ್ನ ಬೆರಳು ನೋಯುತ್ತೆ, ದುಡ್ಡು ಸಾಲಲ್ಲ' ಅಂತ ಯಾರು ಬಾಯಿ ಬಿಡುತ್ತಾರೆ?

ಪುಸ್ತಕದ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಇದೇ ಊರಿನ ಪೂರ್ವ ಭಾಗದಲ್ಲಿ 1985ರಿಂದ 1988ರವರೆಗೆ ನಲವತ್ತು ದಾಟಿದ 5,308 ಜನರ ಕಣ್ಣು ಪರೀಕ್ಷಿಸಿದ್ದರು. ಸಾಮಾನ್ಯ ಬಗೆಯ ಗ್ಲಾಕೋಮಾ ಕಪ್ಪು ಜನರಲ್ಲಿ ಬಿಳಿಯರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಇತ್ತು. ಕಾಯಿಲೆ ಇದ್ದವರಲ್ಲಿ ಅರ್ಧದಷ್ಟು ಜನಕ್ಕೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಇನ್ನೊಂದು ವಿಷಯವೂ ಇದೆ. ಕಣ್ಣಿನ ಮುಂಭಾಗದ ಪೊರೆ, ಕಾರ್ನಿಯಾ, ಕಪ್ಪು ಜನರಲ್ಲಿ ಸರಾಸರಿ ಸ್ವಲ್ಪ ತೆಳು. ತೆಳುವಾದ ಪೊರೆಯ ಮೇಲೆ ಪ್ರೆಶರ್ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪೊರೆಯ ದಪ್ಪ ಅಳೆಯದ ಕಡೆ 'ಎಲ್ಲಾ ಸರಿ ಇದೆ' ಅಂತ ಮನೆಗೆ ಕಳಿಸಿಬಿಡುವುದೂ ಉಂಟು.

ಆದರೆ ಮೈಯ ಕಾರಣ ಒಂದನ್ನೇ ಹೇಳಿ ಕೈ ತೊಳೆದುಕೊಳ್ಳುವುದು ತಪ್ಪು. 1910ರಲ್ಲಿ ಕಪ್ಪು ಜನ ಯಾವ ಬೀದಿಯಲ್ಲಿ ಇರಬಾರದು ಅಂತ ಕಾನೂನು ಮಾಡಿದ್ದ ಊರು ಇದು. ಏಳು ವರ್ಷದ ಮೇಲೆ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನು ಹೊಡೆದುಹಾಕಿದರೂ ಬೀದಿಗಳು ಬದಲಾಗಲಿಲ್ಲ. ನನ್ನ ರೋಗಿಗಳಲ್ಲಿ ಎಷ್ಟೋ ಜನ ಎರಡು ಬಸ್ ಬದಲಿಸಿ ಬರುತ್ತಾರೆ. ಫೈಲ್‌ನ ಪದಗಳ ಬಗ್ಗೆಯೂ ಶಿಕಾಗೋದಲ್ಲಿ ಅಧ್ಯಯನ ಆಗಿದೆ, 2022ರಲ್ಲಿ ಬಂತು. ರೋಗಿಯನ್ನು ಕೆಟ್ಟದಾಗಿ ಬಣ್ಣಿಸುವ ಮಾತು ಕಪ್ಪು ಜನರ ಫೈಲ್‌ನಲ್ಲಿ ಇರುವ ಸಾಧ್ಯತೆ ಬಿಳಿಯರ ಫೈಲ್‌ಗಿಂತ ಎರಡೂವರೆ ಪಟ್ಟು ಜಾಸ್ತಿ. ಓದುವಾಗ ನನ್ನದೇ ಕೈಬರಹ ನೋಡಿದ ಹಾಗಾಯಿತು.

ಮೊದಲು ನಾನು ಮಾಡಿದ್ದು ಕ್ಯಾಂಪ್. ಊರೂರಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡುತ್ತಿದ್ದ ಡಾ. ಎಂ. ಸಿ. ಮೋದಿಯವರ ಕ್ಯಾಂಪಿನಲ್ಲಿ ಕ್ಯಾಟರಾಕ್ಟ್, ಅಂದರೆ ಕಣ್ಣಿಗೆ ಬಂದ ಪೊರೆ, ತೆಗೆಸಿಕೊಂಡ ನಮ್ಮಜ್ಜಿಯ ಕಥೆ ಕೇಳಿಯೇ ನಾನು ಕಣ್ಣಿನ ಡಾಕ್ಟರ್ ಆದವನು. ರೋಗಿ ಬರದಿದ್ದರೆ ಡಾಕ್ಟರೇ ಹೋಗಬೇಕು ಅನ್ನೋದು ತಲೆಯಲ್ಲಿ ಕೂತಿತ್ತು. ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಣ್ಣು ನೋಡಿದೆವು. ಜನ ಸಾಲುಗಟ್ಟಿ ಬಂದರು. ತೊಂದರೆ ಕಂಡವರಿಗೆ ಚೀಟಿ ಬರೆದುಕೊಟ್ಟೆವು. ಕ್ಲಿನಿಕ್ಕಿಗೆ ಬಂದವರು ಬೆರಳೆಣಿಕೆಯಷ್ಟು.

ಕ್ಯಾಟರಾಕ್ಟ್ ಒಂದು ದಿನದ ಆಪರೇಷನ್ನು, ಗ್ಲಾಕೋಮಾ ಬದುಕಿಡೀ ಜೊತೆಗಿರುವ ಕಾಯಿಲೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಎರಡನೇ ಸಲ ಹೋದಾಗ ಚೀಟಿ ಬಿಟ್ಟೆವು. ಅಲ್ಲೇ ಕೂತು ದಿನಾಂಕ ಗೊತ್ತು ಮಾಡಿದೆವು. ಹೇಗೆ ಬರ್ತೀರಿ, ಯಾರು ಕರ್ಕೊಂಡು ಬರ್ತಾರೆ ಅಂತ ಕೇಳಿ ಬರೆದುಕೊಂಡೆವು. ಚರ್ಚಿನ ಹಿರಿಯ ಹೆಂಗಸೊಬ್ಬರು ಹಿಂದಿನ ದಿನ ಫೋನ್ ಮಾಡುವ ಹೊಣೆ ಹೊತ್ತರು. ನಮ್ಮ ಯಾವ ಮೆಸೇಜಿಗಿಂತಲೂ ಅವರ ಫೋನಿಗೇ ಜಾಸ್ತಿ ಬೆಲೆ. ಕ್ಲಿನಿಕ್ಕಿನಲ್ಲಿ ಸುತ್ತಲಿನ ನೋಟ ಎಷ್ಟಿದೆ ಅಂತ ನೋಡುವ ಫೀಲ್ಡ್ ಟೆಸ್ಟ್, ಕಣ್ಣಿನ ನರದ ಸ್ಕ್ಯಾನ್ ಎಲ್ಲ ಒಂದೇ ದಿನ ಮುಗಿಸುವ ಹಾಗೆ ಮಾಡಿದೆವು. ಮೂರು ಸಲ ಅಲೆಸಿದರೆ ದಿನಗೂಲಿಯವರು ಮೂರು ದಿನದ ಸಂಬಳ ಕಳೆದುಕೊಳ್ಳುತ್ತಾರೆ.

ಕಣ್ಣಿನ ಪ್ರೆಶರ್ ಇಳಿಸುವ ಲೇಸರ್ ಚಿಕಿತ್ಸೆ ಬಗ್ಗೆಯೂ ಈಗ ಮೊದಲ ದಿನವೇ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ನಡೆದು 2019ರಲ್ಲಿ ಬಂದ 'ಲೈಟ್' ಎಂಬ ಹೆಸರಿನ ಅಧ್ಯಯನದಲ್ಲಿ, ಮೊದಲು ಲೇಸರ್ ಮಾಡಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮೂರು ವರ್ಷ ಡ್ರಾಪ್ಸ್ ಇಲ್ಲದೆಯೇ ಪ್ರೆಶರ್ ಹಿಡಿತದಲ್ಲಿತ್ತು. ಕೆಲವೇ ನಿಮಿಷದ ಕೆಲಸ. ಇಂಥದ್ದನ್ನು 'ಇವರು ಒಪ್ಪಲ್ಲ ಬಿಡಿ' ಅಂತ ನಾವೇ ತೀರ್ಮಾನಿಸಿ ಎಷ್ಟು ಜನಕ್ಕೆ ಹೇಳದೆ ಬಿಟ್ಟಿದ್ದೇವೋ.

ನಮ್ಮವರ ಗಣೇಶನ ಹಬ್ಬದ ಊಟದಲ್ಲೂ ಕಪ್ಪು ಜನರ ಬಗ್ಗೆ 'ಅವರಿಗೆ ಕಾಳಜಿಯೇ ಇಲ್ಲ ಕಣ್ರೀ' ಅನ್ನುವ ಮಾತು ಬರುತ್ತದೆ. ನಾನೂ ಒಂದು ಕಾಲದಲ್ಲಿ ಹೂಂ ಅಂದಿದ್ದೇನೆ. ಈಗ ಎಲೆಯ ಮುಂದೆ ಕೂತೇ ಬಾಟಲಿಯ ಕಥೆ ಹೇಳುತ್ತೇನೆ. ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ಕೇಳುತ್ತಾರೆ.

ಆ ಅಜ್ಜಿಗೆ ಎರಡೂ ಕಣ್ಣಿಗೆ ಲೇಸರ್ ಆಯಿತು. ಒಂದು ಡ್ರಾಪ್ಸ್ ಮಾತ್ರ ಉಳಿಸಿಕೊಂಡೆವು, ರಾತ್ರಿ ಮಗಳು ಹಾಕುತ್ತಾಳೆ. ಹೋದ ಎಡಗಣ್ಣು ವಾಪಸ್ ಬರಲ್ಲ, ಅದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಬಲಗಣ್ಣು ನಿಂತಿದೆ. ಫೈಲ್‌ನಲ್ಲಿ ಆ ಪದ ಇದ್ದ ಜಾಗದಲ್ಲಿ ಈಗ ಹೀಗಿದೆ: 'ಬೆರಳುಗಳಲ್ಲಿ ಸಂಧಿವಾತ. ಬಾಟಲಿ ಒತ್ತಲು ಕಷ್ಟ. ಇಪ್ಪತ್ತು ದಿನಕ್ಕೆ ಖಾಲಿಯಾಗುತ್ತಿತ್ತು. ಮಿಸೆಸ್ ಅಂತಲೇ ಕರೆಯಿರಿ.'