ರಕ್ತ ಹೆಪ್ಪುಗಟ್ಟುವ ಪರೀಕ್ಷೆ: ಕೈ ಚಾಚುವ ಮೊದಲು, ರಿಪೋರ್ಟ್ ಬಂದ ಮೇಲೆ

ಮೂರು ಸಲ ಗರ್ಭ ನಿಂತು ಜಾರಿದ ಹೆಣ್ಣುಮಗಳು. ಮೂವತ್ತು ದಾಟುವಷ್ಟರಲ್ಲೇ ಸ್ಟ್ರೋಕ್ ಆದ ಹುಡುಗ. ಒಂದೇ ಕಾಲು ಊದಿಕೊಂಡು, ಸ್ಕ್ಯಾನ್ ಮಾಡಿಸಿದರೆ ರಕ್ತನಾಳದೊಳಗೆ ಹೆಪ್ಪು ಕಂಡ ಗೃಹಿಣಿ. ಬೆಂಗಳೂರಿನ ನಮ್ಮ ಲ್ಯಾಬಿಗೆ ಈ ಮೂವರೂ ಒಂದೇ ಥರದ ಚೀಟಿ ಹಿಡಿದು ಬರುತ್ತಾರೆ. ಅದರಲ್ಲಿ ಡಾಕ್ಟರು ‘ಎಪಿಎಲ್‌ಎ’ ಅಂತ ಬರೆದಿರುತ್ತಾರೆ, ಅಂದರೆ ಆಂಟಿಫಾಸ್ಫೊಲಿಪಿಡ್ ಆಂಟಿಬಾಡಿ ಪರೀಕ್ಷೆ.

ರಕ್ತ ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡುವ ಮೆಷಿನ್ ಮುಂದೆ ನಾನು 14 ವರ್ಷ ಕೆಲಸ ಮಾಡಿದ್ದೇನೆ. ಈ ಪರೀಕ್ಷೆ ಹೆಚ್ಚಾಗಿ ಕೆಡುವುದು ರಕ್ತ ಮೆಷಿನ್ನಿಗೆ ಹೋಗುವ ಮೊದಲೇ. ಅದನ್ನು ತಪ್ಪಿಸುವುದು ಅರ್ಧದಷ್ಟು ನಿಮ್ಮ ಕೈಯಲ್ಲೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್, ಚಿಕ್ಕದಾಗಿ ಎಪಿಎಸ್. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ವಿವರಿಸಿದರು. ಹಾಗಾಗಿ ಹ್ಯೂಸ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ. ರೋಗಾಣುಗಳ ಜೊತೆ ಹೋರಾಡಬೇಕಾದ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ನಮ್ಮದೇ ರಕ್ತದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ರಕ್ತನಾಳದ ಒಳಪದರ ಮತ್ತು ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತವೆ. ಹೆಪ್ಪುಗಟ್ಟಬಾರದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಗರ್ಭಿಣಿಯರಲ್ಲಿ ಮಗುವಿಗೆ ರಕ್ತ ಹೋಗುವ ಮಾಸಿಗೂ ತೊಂದರೆ ಆಗುತ್ತದೆ.

ಮೊದಲು ಚೀಟಿ ನೋಡಿ

ಎಪಿಎಸ್‌ಗೆ ಈ ಪ್ರತಿಕಾಯಗಳನ್ನು ಹುಡುಕುವ ಮೂರು ಪರೀಕ್ಷೆ ಬೇಕು. ಒಂದು, ಲೂಪಸ್ ಆಂಟಿಕೋಯಾಗ್ಯುಲೆಂಟ್. ಎರಡು, ಆಂಟಿ ಕಾರ್ಡಿಯೊಲಿಪಿನ್. ಮೂರು, ಆಂಟಿ ಬೀಟಾ 2 ಗ್ಲೈಕೊಪ್ರೋಟೀನ್ 1. ಕೊನೆಯ ಎರಡರಲ್ಲಿ ಐಜಿಜಿ ಮತ್ತು ಐಜಿಎಂ ಎಂಬ ಎರಡು ಬಗೆಯ ಪ್ರತಿಕಾಯಗಳನ್ನೂ ನೋಡಬೇಕು. ‘ಎಪಿಎಲ್‌ಎ’ ಎಂದು ಹೆಸರಿಟ್ಟ ಪ್ಯಾಕೇಜಿನಲ್ಲೆಲ್ಲ ಈ ಮೂರೂ ಇರುತ್ತವೆ ಅಂದುಕೊಳ್ಳಬೇಡಿ. ದುಡ್ಡು ಕಟ್ಟುವ ಮೊದಲು ಕೌಂಟರಿನಲ್ಲಿ ಒಂದೊಂದೇ ಹೆಸರು ಹೇಳಿ ಕೇಳಿ. ಯಾವುದಾದರೂ ಬಿಟ್ಟಿದ್ದರೆ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗರ್ಭಿಣಿಯರಿಗೆ ವಿಡಿಆರ್‌ಎಲ್ ಪರೀಕ್ಷೆ ಮಾಡುವುದು ವಾಡಿಕೆ. ಅದು ಸಿಫಿಲಿಸ್ ಎಂಬ ಲೈಂಗಿಕ ಕಾಯಿಲೆಗೆ ಮಾಡುವ ಪರೀಕ್ಷೆ. ಆದರೆ ಅದರ ರಾಸಾಯನಿಕದಲ್ಲೂ ಕಾರ್ಡಿಯೊಲಿಪಿನ್ ಇದೆ. ಎಪಿಎಸ್ ಇರುವವರಿಗೆ ಸಿಫಿಲಿಸ್ ಇಲ್ಲದಿದ್ದರೂ ವಿಡಿಆರ್‌ಎಲ್ ಪಾಸಿಟಿವ್ ಬರಬಹುದು. ಈ ಒಂದು ಚೀಟಿಯಿಂದ ಗಂಡ ಹೆಂಡತಿ ಮಾತು ಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರೆ ನಿಜ ತಿಳಿಯುತ್ತದೆ. ಅದು ಬರುವ ತನಕ ಯಾರ ಮೇಲೂ ಅನುಮಾನ ಪಡಬೇಡಿ.

ಯಾವ ಮಾತ್ರೆ, ಎಷ್ಟು ಗಂಟೆಗೆ

ಊಟ ಮಾಡಿರಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಉಪವಾಸ ಬೇಕಿಲ್ಲ. ಜಿಡ್ಡಿನ ಊಟ ಆದ ತಕ್ಷಣ ಬರಬೇಡಿ, ಅಷ್ಟೆ. ನಿಜವಾಗಿ ಹೇಳಬೇಕಾದದ್ದು ರಕ್ತ ತೆಳುವಾಗಿಸುವ ಔಷಧಿಯ ವಿಷಯ.

ವಾರ್ಫರಿನ್, ಅಸಿಟ್ರಾಮ್, ಹೆಪಾರಿನ್ ಇಂಜೆಕ್ಷನ್, ರಿವರಾಕ್ಸಬಾನ್, ಅಪಿಕ್ಸಬಾನ್, ಡಾಬಿಗಟ್ರಾನ್, ಇವೆಲ್ಲ ಲೂಪಸ್ ಆಂಟಿಕೋಯಾಗ್ಯುಲೆಂಟ್ ಪರೀಕ್ಷೆಯನ್ನು ದಾರಿ ತಪ್ಪಿಸಬಲ್ಲವು. ಅದರಲ್ಲೂ ರಿವರಾಕ್ಸಬಾನ್. ಕಾಲಿನ ರಕ್ತನಾಳ ಕಟ್ಟಿಕೊಂಡು ಚಿಕಿತ್ಸೆಯಲ್ಲಿದ್ದ ಹುಡುಗನೊಬ್ಬ ಬೆಳಿಗ್ಗೆ ಈ ಮಾತ್ರೆ ನುಂಗಿ, ಎರಡು ಗಂಟೆ ಬಿಟ್ಟು ಬೇರೊಂದು ಕಡೆ ರಕ್ತ ಕೊಟ್ಟಿದ್ದ. ಯಾರೂ ಮಾತ್ರೆಯ ಬಗ್ಗೆ ಕೇಳಿರಲಿಲ್ಲ. ರಿಪೋರ್ಟ್ ಪಾಸಿಟಿವ್ ಬಂತು. ಜೀವನಪೂರ್ತಿ ಕಾಯಿಲೆ ಅಂತ ಮನೆಯವರೆಲ್ಲ ಕಂಗಾಲಾದರು. ಮುಂದೆ ಡಾಕ್ಟರು ಔಷಧಿ ಬದಲಿಸಿ, ಸರಿಯಾದ ಹೊತ್ತಿಗೆ ನಮ್ಮಲ್ಲಿ ಪರೀಕ್ಷೆ ಮಾಡಿಸಿದಾಗ ನೆಗೆಟಿವ್.

ಹಾಗಂತ ಪರೀಕ್ಷೆಗೋಸ್ಕರ ನೀವೇ ಮಾತ್ರೆ ನಿಲ್ಲಿಸಬೇಡಿ. ಕೈ ಮುಗಿದು ಕೇಳುತ್ತೇನೆ. ಹೆಪ್ಪುಗಟ್ಟುವ ಕಾಯಿಲೆ ಇರುವವರು ಒಂದೆರಡು ದಿನ ಔಷಧಿ ಬಿಟ್ಟರೂ ಜೀವಕ್ಕೆ ಕುತ್ತು ಬರಬಹುದು. ನಿಲ್ಲಿಸಬೇಕೋ, ಬದಲಿಸಬೇಕೋ, ಹಾಗೇ ಪರೀಕ್ಷೆ ಮಾಡಬೇಕೋ, ಡಾಕ್ಟರೇ ಹೇಳಲಿ. ನೀವು ಮಾಡಬೇಕಾದದ್ದು ಒಂದೇ: ಔಷಧಿಯ ಹೆಸರು ಮತ್ತು ಕೊನೆಯ ಡೋಸ್ ತೆಗೆದುಕೊಂಡ ಗಂಟೆಯನ್ನು ಚೀಟಿಯಲ್ಲಿ ಬರೆದುಕೊಡಿ. ಹೊಟ್ಟೆಗೆ ಚುಚ್ಚಿಕೊಳ್ಳುವ ಹೆಪಾರಿನ್ ಆದರೆ, ಕೊನೆಯ ಇಂಜೆಕ್ಷನ್ ಆಗಿ 12 ಗಂಟೆಯಾದರೂ ಕಳೆದಿರಬೇಕು. ಮುಂದಿನ ಡೋಸಿಗೆ ಸ್ವಲ್ಪ ಮೊದಲು ರಕ್ತ ಕೊಡುವುದು ಒಳ್ಳೆಯದು. ಎಲೈಸಾ ಎಂಬ, ಪ್ರತಿಕಾಯದ ಪ್ರಮಾಣ ಅಳೆಯುವ ವಿಧಾನದಲ್ಲಿ ಮಾಡುವ ಉಳಿದ ಎರಡು ಪರೀಕ್ಷೆಗೆ ಈ ಔಷಧಿಗಳು ಅಡ್ಡ ಬರುವುದಿಲ್ಲ.

ಜ್ವರ, ಸೋಂಕು ಇದ್ದಾಗಲೂ ಫಲಿತಾಂಶ ಏರುಪೇರಾಗುತ್ತದೆ. ತುರ್ತು ಇಲ್ಲದಿದ್ದರೆ ವಾಸಿಯಾದ ಮೇಲೆ ಬನ್ನಿ.

ನೀಲಿ ಮುಚ್ಚಳದ ಟ್ಯೂಬ್

ಲೂಪಸ್ ಆಂಟಿಕೋಯಾಗ್ಯುಲೆಂಟ್‌ಗೆ ರಕ್ತ ತೆಗೆಯುವುದು ತಿಳಿ ನೀಲಿ ಮುಚ್ಚಳದ ಟ್ಯೂಬಿಗೆ. ಅದರೊಳಗೆ 3.2 ಪರ್ಸೆಂಟಿನ ಸೋಡಿಯಂ ಸಿಟ್ರೇಟ್, ಅಂದರೆ ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ, ಮೊದಲೇ ಇರುತ್ತದೆ. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್, ಅದೇ ಲೆಕ್ಕ. 2.7 ಮಿಲಿಲೀಟರ್ ರಕ್ತ ಹಿಡಿಯುವ ಟ್ಯೂಬಿನಲ್ಲಿ 0.3 ಮಿಲಿಲೀಟರ್ ಸಿಟ್ರೇಟ್. ಗೆರೆಯ ತನಕ ತುಂಬದಿದ್ದರೆ ಲೆಕ್ಕ ತಪ್ಪಿ, ಹೆಪ್ಪುಗಟ್ಟುವ ಸಮಯ ಸುಮ್ಸುಮ್ನೆ ಜಾಸ್ತಿ ಕಾಣುತ್ತದೆ. ಟ್ಯೂಬ್ ಗೆರೆ ಮುಟ್ಟಿದೆಯಾ ಅಂತ ನೀವೇ ಕಣ್ಣಾಡಿಸಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಕೇಳಿ.

ರಕ್ತ ಕೊಟ್ಟ 4 ಗಂಟೆಯೊಳಗೆ ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ದ್ರವ, ಬೇರೆ ಮಾಡಬೇಕು. ಬೆಂಗಳೂರಿನಲ್ಲಿ ಇದೇ ಕಷ್ಟ ಅಲ್ವಾ? ವೈಟ್‌ಫೀಲ್ಡಿನ ಮನೆಯಲ್ಲಿ ತೆಗೆದ ರಕ್ತ ಇನ್ನೂ ಐದಾರು ಮನೆ ಸುತ್ತಿ, ಸಿಲ್ಕ್ ಬೋರ್ಡ್ ದಾಟಿ ಮುಖ್ಯ ಲ್ಯಾಬ್ ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ಮನೆಗೇ ಕರೆಸಿಕೊಳ್ಳಿ. ಇದೊಂದಕ್ಕೆ, ಪರೀಕ್ಷೆ ನಡೆಯುವ ಲ್ಯಾಬಿಗೇ ಬೆಳಿಗ್ಗೆ ಹೋಗಿ ಕೊಡಿ ಎನ್ನುವುದು ನನ್ನ ಸಲಹೆ.

ನಾವು ಸೆಂಟ್ರಿಫ್ಯೂಜಿನಲ್ಲಿ ಒಂದಲ್ಲ, ಎರಡು ಸಲ ತಿರುಗಿಸುತ್ತೇವೆ. ಪ್ಲೇಟ್‌ಲೆಟ್ ಮೇಲೆ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಅಂಶ ಇರುತ್ತದೆ. ನಾವು ಹುಡುಕುವ ಪ್ರತಿಕಾಯಗಳು ಅದಕ್ಕೇ ಅಂಟಿಕೊಂಡು ಅಡಗಿಬಿಡುತ್ತವೆ. ಒಂದು ಮೈಕ್ರೋಲೀಟರಿಗೆ 10,000ಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಉಳಿಯುವಂತೆ ನೋಡಿಕೊಳ್ಳಬೇಕು.

ಒಳಗೆ ನಡೆಯುವುದು: ಕೊಳಕು ಮಂಡಲದ ವಿಷ, ಹಾಲಿನ ಹೆಪ್ಪು

ಒಂದೇ ಪರೀಕ್ಷೆಯಿಂದ ಲೂಪಸ್ ಆಂಟಿಕೋಯಾಗ್ಯುಲೆಂಟ್ ಇಲ್ಲ ಎಂದು ಹೇಳಲು ಆಗುವುದಿಲ್ಲ. ಎರಡು ಬೇರೆ ದಾರಿಯಲ್ಲಿ ನೋಡುತ್ತೇವೆ. ಒಂದು ಎಪಿಟಿಟಿ, ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಸಾಮಾನ್ಯ ಪರೀಕ್ಷೆ. ಇನ್ನೊಂದರ ಹೆಸರು ಡಿಆರ್‌ವಿವಿಟಿ. ಇದರಲ್ಲಿ ಬಳಸುವುದು ರಸೆಲ್ಸ್ ವೈಪರ್ ಹಾವಿನ ವಿಷ. ನಮ್ಮ ಹೊಲ ಗದ್ದೆಗಳಲ್ಲಿ ರೈತರು ಹೆದರುವ ಕೊಳಕು ಮಂಡಲವೇ ಅದು. 18ನೇ ಶತಮಾನದಲ್ಲಿ ಭಾರತದಲ್ಲಿದ್ದು ಹಾವುಗಳನ್ನು ಅಧ್ಯಯನ ಮಾಡಿದ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ಅವರ ಹೆಸರು ಅದಕ್ಕೆ ಬಂದಿದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಫ್ಯಾಕ್ಟರ್ ಎನ್ನುತ್ತಾರೆ. ಈ ವಿಷ ಅವುಗಳಲ್ಲಿ 10ನೇ ಫ್ಯಾಕ್ಟರನ್ನು ನೇರವಾಗಿ ಎಬ್ಬಿಸುತ್ತದೆ. ಕಚ್ಚಿದರೆ ಜೀವ ತೆಗೆಯುವ ವಿಷ, ಹದವಾಗಿ ತೆಳು ಮಾಡಿದರೆ ರೋಗ ಹಿಡಿದುಕೊಡುತ್ತದೆ. ಇಷ್ಟು ವರ್ಷ ಆದರೂ ನನಗೆ ಇದು ಬೆರಗೇ.

ಕೆಲಸ ಮೂರು ಹಂತದ್ದು. ಮೊದಲಿಗೆ, ಫಾಸ್ಫೊಲಿಪಿಡ್ ಕಡಿಮೆ ಹಾಕಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಎಂದು ನೋಡುತ್ತೇವೆ. ಪ್ರತಿಕಾಯ ಇದ್ದರೆ ಸಮಯ ಉದ್ದವಾಗುತ್ತದೆ.

ಆಮೇಲೆ ಬೆರೆಸಿ ನೋಡುವುದು. ಸಮಯ ಉದ್ದವಾಗಲು ಎರಡು ಕಾರಣ ಇರಬಹುದು. ಹಾಲು ಮೊಸರಾಗದಿದ್ದರೆ ನಾವು ಮನೆಯಲ್ಲಿ ಏನು ಮಾಡುತ್ತೇವೆ? ಹೆಪ್ಪು ಕಡಿಮೆ ಆಗಿದೆಯೇನೋ ಅಂತ ಪಕ್ಕದ ಮನೆಯಿಂದ ಇನ್ನಷ್ಟು ತಂದು ಹಾಕುತ್ತೇವೆ. ಆಗ ಮೊಸರಾದರೆ ಕೊರತೆ ಇದ್ದದ್ದು ಹೆಪ್ಪಿನದೇ. ಆಗಲೂ ಆಗದಿದ್ದರೆ ಹಾಲಿನಲ್ಲೇ ಏನೋ ತಡೆ ಇದೆ. ಇಲ್ಲೂ ಹಾಗೇ. ರೋಗಿಯ ಪ್ಲಾಸ್ಮಾಗೆ ಆರೋಗ್ಯವಂತರ ಪ್ಲಾಸ್ಮಾವನ್ನು ಸಮಸಮ ಬೆರೆಸುತ್ತೇವೆ. ಸಮಯ ಸರಿಹೋದರೆ ಯಾವುದೋ ಫ್ಯಾಕ್ಟರ್ ಕೊರತೆ. ಸರಿಹೋಗದಿದ್ದರೆ ತಡೆಯುವ ಪ್ರತಿಕಾಯ ಇರುವ ಸಾಧ್ಯತೆ ಹೆಚ್ಚು.

ಕೊನೆಯದು ಖಚಿತ ಮಾಡಿಕೊಳ್ಳುವುದು. ಈ ಸಲ ಫಾಸ್ಫೊಲಿಪಿಡ್ ಧಾರಾಳವಾಗಿ ಹಾಕುತ್ತೇವೆ. ಮೆಜೆಸ್ಟಿಕ್‌ನಲ್ಲಿ ಬಸ್ ಬಂದ ತಕ್ಷಣ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ, ಪ್ರತಿಕಾಯಗಳೂ ಹಾಗೇ ಫಾಸ್ಫೊಲಿಪಿಡ್ ಮೇಲಿನ ಜಾಗ ಹಿಡಿದು ಕೂತಿರುತ್ತವೆ. ಹೆಪ್ಪುಗಟ್ಟಿಸುವ ಫ್ಯಾಕ್ಟರುಗಳಿಗೆ ಜಾಗ ಇಲ್ಲ. ಇನ್ನೂ ನಾಲ್ಕು ಬಸ್ ಬಂದರೆ? ಟವೆಲ್ ಮುಗಿಯುತ್ತದೆ, ಸೀಟು ಮಿಗುತ್ತದೆ. ಸಮಯ ಮತ್ತೆ ಕಡಿಮೆಯಾಗುತ್ತದೆ. ಹಾಗಾದರೆ ಅದು ಲೂಪಸ್ ಆಂಟಿಕೋಯಾಗ್ಯುಲೆಂಟ್.

ರಿಪೋರ್ಟ್ ಓದುವಾಗ

ಈ ಹೆಸರೇ ಜನರನ್ನು ಗೊಂದಲಕ್ಕೆ ಕೆಡವುತ್ತದೆ. ಆಂಟಿಕೋಯಾಗ್ಯುಲೆಂಟ್ ಎಂದರೆ ಹೆಪ್ಪುಗಟ್ಟದಂತೆ ತಡೆಯುವುದು. ಟ್ಯೂಬಿನಲ್ಲಿ ಅದು ಮಾಡುವುದು ಅದನ್ನೇ. ಆದರೆ ಟ್ಯೂಬಿನಲ್ಲಿ ರಕ್ತನಾಳದ ಗೋಡೆ ಇಲ್ಲ, ಪ್ಲೇಟ್‌ಲೆಟ್ ತೆಗೆದಿದ್ದೇವೆ. ದೇಹದೊಳಗೆ ಅದು ಇವುಗಳನ್ನೇ ಕೆರಳಿಸಿ ಹೆಪ್ಪುಗಟ್ಟಿಸುತ್ತದೆ. ಎಪಿಟಿಟಿ ಜಾಸ್ತಿ ಬಂದಿದೆ, ಅಂದರೆ ರಕ್ತಸ್ರಾವ ಆಗುತ್ತದೆ ಎಂದು ಹೆದರಿ ಔಷಧಿ ಬಿಟ್ಟವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೂಪಸ್ ಎಂಬ ಪದ ನೋಡಿ, ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆ ಇದೆ ಅಂದುಕೊಳ್ಳುವುದೂ ತಪ್ಪು. ಲೂಪಸ್ ರೋಗಿಗಳಲ್ಲಿ ಮೊದಲು ಕಂಡಿದ್ದರಿಂದ ಆ ಹೆಸರು ನಿಂತಿತು.

ಡಿಆರ್‌ವಿವಿಟಿ ರಿಪೋರ್ಟಿನಲ್ಲಿ ಒಂದು ಅನುಪಾತ ಇರುತ್ತದೆ. ಅನೇಕ ಲ್ಯಾಬುಗಳಲ್ಲಿ ಗಡಿ 1.2ರ ಆಸುಪಾಸು. ನಿಮ್ಮ ಲ್ಯಾಬ್ ಕೊಟ್ಟಿರುವ ಗಡಿಯನ್ನೇ ನೋಡಿ. ಕಾರ್ಡಿಯೊಲಿಪಿನ್, ಬೀಟಾ 2 ಎಲೈಸಾದಲ್ಲಿ 40 ಯೂನಿಟ್ಟಿಗಿಂತ ಕೆಳಗಿನ ಸಣ್ಣ ಏರಿಕೆಗೆ ಅಷ್ಟು ತೂಕ ಇಲ್ಲ. 40ರಿಂದ 79 ಮಧ್ಯಮ, 80ಕ್ಕೆ ಮೇಲೆ ಜಾಸ್ತಿ. ಐಜಿಎಂ ಒಂದೇ ಏರಿದ್ದರೆ ಅದಕ್ಕಿಂತ ಐಜಿಜಿ ಏರಿದ್ದನ್ನು ಹೆಚ್ಚು ಗಂಭೀರವಾಗಿ ನೋಡುತ್ತಾರೆ. ಮೂರೂ ಪರೀಕ್ಷೆ ಪಾಸಿಟಿವ್ ಆದವರಿಗೆ ಅಪಾಯ ಹೆಚ್ಚು. ಅಂಥವರಿಗೆ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಸುರಕ್ಷಿತ ಎಂದು 2018ರಲ್ಲಿ ಪ್ರಕಟವಾದ ಟ್ರ್ಯಾಪ್ಸ್ ಎಂಬ ಅಧ್ಯಯನ ತೋರಿಸಿತು. ನಿಮ್ಮ ರಿಪೋರ್ಟ್ ಹಾಗಿದ್ದರೆ ಈ ಮಾತನ್ನು ಡಾಕ್ಟರ ಹತ್ತಿರ ಕೇಳಿ.

12 ವಾರ ಕಾಯಿರಿ

ಒಂದು ಪಾಸಿಟಿವ್ ರಿಪೋರ್ಟಿನಿಂದ ಎಪಿಎಸ್ ಎಂದು ತೀರ್ಮಾನಿಸುವುದಿಲ್ಲ. ಸೋಂಕು ಬಂದು ಹೋದಾಗ ಈ ಪ್ರತಿಕಾಯಗಳು ಕೆಲವು ದಿನ ಕಾಣಿಸಿಕೊಂಡು ಮಾಯವಾಗುತ್ತವೆ. ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಗಣೇಶನ ಹಬ್ಬದ ಹೊತ್ತಿಗೆ ಮೊದಲ ಸಲ ಕೊಟ್ಟರೆ, ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮುಂದಿನ ವಾರ ಎರಡನೇದು. ಈ ನಡುವೆ ಚಿಕಿತ್ಸೆ ನಿಲ್ಲುವುದಿಲ್ಲ, ಡಾಕ್ಟರು ಹೇಳಿದ ಔಷಧಿ ನಡೆಯುತ್ತಲೇ ಇರಬೇಕು.

ಎರಡನೇ ಸಲವೂ ಅದೇ ಲ್ಯಾಬಿಗೆ ಹೋಗಿ. ಒಂದೊಂದು ಕಂಪನಿಯ ರಾಸಾಯನಿಕಕ್ಕೆ ಅಂಕಿ ಒಂದೊಂದು ಥರ ಬರುತ್ತದೆ. ಹಳೆಯ ರಿಪೋರ್ಟ್ ಜೊತೆಗಿರಲಿ. ಔಷಧಿಯ ಹೆಸರು ಮತ್ತು ಗಂಟೆ ಬರೆದ ಚೀಟಿ ಈ ಸಲವೂ ಬೇಕು.