ಸನ್ನದು ಒಪ್ಪಿಸಿ ಅಡ್ಮಿಷನ್ ಕೌಂಟರಿಗೆ ಬಂದೆ – ನನ್ನ ಅನುಭವ

2015ರ ಮೇ ತಿಂಗಳಲ್ಲಿ ನನ್ನ ಸನ್ನದು, ಅಂದ್ರೆ ವಕೀಲಿಕೆ ಮಾಡೋ ಪರವಾನಗಿ, ಸಸ್ಪೆಂಡ್ ಮಾಡ್ಸೋಕೆ ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಬರೆದೆ. ವಕೀಲರಾಗಿ ಹೆಸರು ನೋಂದಾಯಿಸಿದ ಮೇಲೆ ಫುಲ್ ಟೈಮ್ ಸಂಬಳದ ಕೆಲ್ಸ ಮಾಡೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ 49 ಅದು, ಕೆಲ್ಸಕ್ಕೆ ಸೇರಿದ್ರೆ ಪ್ರ್ಯಾಕ್ಟೀಸ್ ನಿಲ್ಲಿಸ್ಲೇಬೇಕು. ಕುಮಟಾ ಪೋಸ್ಟಾಫೀಸಲ್ಲಿ ಕವರ್ ರಿಜಿಸ್ಟರ್ ಮಾಡಿ ಮನೆಗೆ ಬಂದಾಗ ಅಪ್ಪ ಜಗುಲಿ ಮೇಲೆ ಕೂತಿದ್ದ. "ಇಷ್ಟ್ ವರ್ಸ ಓದಿದ್ದು ಎಂತಕ್ಕೆ ಹಂಗಾರೆ?" ಅಂದ. ಅವತ್ತು ನಂಗೆ ಉತ್ತರ ಕೊಡೋಕಾಗ್ಲಿಲ್ಲ. ಹುಬ್ಬಳ್ಳಿಯ ಒಂದು ಲಾ ಕಾಲೇಜಲ್ಲಿ ಅಡ್ಮಿಷನ್ ಸೆಕ್ಷನ್ ಕೆಲ್ಸ ಸಿಕ್ಕಿತ್ತು, ಹೋಗ್ಬೇಕು ಅಂತ ಮನಸ್ಸು ಗಟ್ಟಿಯಾಗಿತ್ತು, ಯಾಕೆ ಅಂತ ಬಿಡಿಸಿ ಹೇಳೋಕೆ ಮಾತ್ರ ಬರ್ತಿರ್ಲಿಲ್ಲ. ಈಗ್ಲೂ ಜನ ಅದೇ ಕೇಳ್ತಾರೆ, ಕರಿಕೋಟು ಬಿಟ್ಟು ಅರ್ಜಿ ತಗೊಳ್ಳೋ ಟೇಬಲ್ಲಿಗೆ ಯಾಕ್ ಬಂದ್ರಿ ಅಂತ, ಅದಕ್ಕೇ ಒಂದ್ಸಲ ಕೂತು ಬರೀತಾ ಇದೀನಿ.

ನಮ್ಮನೇಲಿ ಒಂದು ತಾರೀಖು ಎಲ್ರಿಗೂ ಬಾಯಿಪಾಠ: 30-6-1979. ಉಳುವವನೇ ಒಡೆಯ ಅಂತ ಭೂಸುಧಾರಣೆ ಬಂದಾಗ ಗೇಣಿದಾರರು ಭೂನ್ಯಾಯ ಮಂಡಳಿಗೆ 7ನೇ ನಂಬರ್ ಫಾರ್ಮ್ ಕೊಡೋಕೆ ಇದ್ದ ಕೊನೇ ದಿನ ಅದು. ನಮ್ಮಜ್ಜ 28 ಗುಂಟೆ ಗದ್ದೆ ಗೇಣಿಗೆ ಮಾಡ್ತಿದ್ದ. ಒಂದು ಕಚೇರಿಗೆ ಹೋಗಿ ಕೇಳಿದ್ದಕ್ಕೆ ಅಲ್ಲಿ ಮೇಜಿನ ಹಿಂದೆ ಕೂತಿದ್ದೋರು, ಗೇಣಿ ರಸೀದಿ ತಾ, ಆಮೇಲೆ ನೋಡುವ ಅಂದ್ರಂತೆ. ಗೇಣಿ ಕೊಡ್ತಿದ್ದಿದ್ದು ಭತ್ತದಲ್ಲಿ, ಬಾಯಿಮಾತಲ್ಲಿ, ರಸೀದಿ ಎಲ್ಲಿಂದ ಬರ್ಬೇಕು. ಅಜ್ಜ ವಾಪಸ್ ಬಂದ, ಮತ್ತೆ ಹೋಗ್ಲಿಲ್ಲ, ತಾರೀಖು ದಾಟ್ತು, ಗದ್ದೆ ಹೋಯ್ತು. ನಾನು ಲಾ ಓದೋವಾಗ ಭೂಸುಧಾರಣಾ ಕಾಯ್ದೆ ಪೇಪರಿಗೆ ಓದ್ಕೊಳ್ತಾ ಗೊತ್ತಾಯ್ತು, ರಸೀದಿ ಇಲ್ದೇ ಇದ್ರೂ ಅರ್ಜಿ ಕೊಡ್ಬಹುದಿತ್ತು, ಅಕ್ಕಪಕ್ಕದ ಗದ್ದೆಯೋರ ಸಾಕ್ಷೀನೂ ಮಂಡಳಿ ಕೇಳ್ತಿತ್ತು. ಆ ರಾತ್ರಿ ಹಾಸ್ಟೆಲ್ಲಲ್ಲಿ ಎಷ್ಟೊತ್ತಾದ್ರೂ ನಿದ್ದೆ ಬರ್ಲಿಲ್ಲ. ಕೋರ್ಟಲ್ಲಿ ಯಾರೂ ಅಜ್ಜನ್ನ ಸೋಲಿಸಿಲ್ಲ. ಕೋರ್ಟಿನ ತನಕ ಅವನು ಹೋಗ್ಲೇ ಇಲ್ಲ, ಮೇಜಿನ ಹತ್ರಾನೇ ಸೋತು ಬಂದಿದ್ದ.

ನಂಗೂ ಅಂಥದ್ದೇ ಆಯ್ತು, ಸಣ್ಣ ಮಟ್ಟಕ್ಕೆ. 2009ರಲ್ಲಿ ಬಿಎ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಅಂತ ಬೇರೆ ಜಿಲ್ಲೆಯ ಒಂದು ಕಾಲೇಜಿಗೆ ಹೋದ್ರೆ, ಫೈನಲ್ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಬಂದಿಲ್ಲ ಅಲ್ವಾ, ಮುಂದಿನ ವರ್ಷ ಬನ್ನಿ ಅಂದ್ಬಿಟ್ರು. ನೆಟ್ಟಲ್ಲಿ ತೆಗೆದ ರಿಸಲ್ಟ್ ಪ್ರಿಂಟಿಗೆ ಪ್ರಿನ್ಸಿಪಾಲರ ಸಹಿ ಹಾಕ್ಸಿ, ಒರಿಜಿನಲ್ ಆಮೇಲೆ ಕೊಡ್ತೀನಿ ಅಂತ ಮುಚ್ಚಳಿಕೆ ಬರ್ಕೊಟ್ಟು ಕೇಳ್ಬಹುದಿತ್ತು, ಕೇಳ್ಬೇಕು ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಆ ವರ್ಷ ಪೂರ್ತಿ ಕುಮಟಾದ ಒಂದು ಗೇರುಬೀಜ ಫ್ಯಾಕ್ಟರೀಲಿ ಲೆಕ್ಕ ಬರೆದೆ. ಅಲ್ಲಿ ಕೆಲ್ಸ ಮಾಡ್ತಿದ್ದ ಹೆಂಗಸರ ಬೆರಳು ಗೇರುಸೊನೆಗೆ ಸುಟ್ಟು ಕಪ್ಪಾಗಿರ್ತಿತ್ತು, ಸಂಜೆ ಪಗಾರದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದ್ರೆ ಗೆರೆನೇ ಮೂಡ್ತಿರ್ಲಿಲ್ಲ. ಮುಂದಿನ ವರ್ಷ ಹುಬ್ಬಳ್ಳೀಲಿ ಸೀಟು ಸಿಕ್ತು.

2013ಕ್ಕೆ ಸನ್ನದು ಬಂತು, ಕುಮಟಾ ಕೋರ್ಟಲ್ಲಿ ಎರಡು ವರ್ಷ ಜೂನಿಯರ್ ಆಗಿದ್ದೆ. ನಮ್ಮ ಸೀನಿಯರ್ ವಕೀಲ್ರು ಒಳ್ಳೇ ಮನುಷ್ಯ, ಕೆಲ್ಸ ಕಲಿಸಿದ್ರು, ಆದ್ರೆ ಕೈಗೆ ಬರ್ತಿದ್ದಿದ್ದು ಬಸ್ ಚಾರ್ಜು ಮತ್ತೆ ಹಬ್ಬಕ್ಕೊಂದು ಸೀರೆ. ಬಾರ್ ಕೌನ್ಸಿಲ್ 2024ರಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಹಳ್ಳಿ ಕಡೆ 15,000, ನಗರದಲ್ಲಿ 20,000 ಕೊಡಿ ಅಂತ ಸುತ್ತೋಲೆ ಕಳ್ಸಿದೆ, ನಮ್ಮ ಕಾಲದಲ್ಲಿ ಆ ಮಾತೇ ಇರ್ಲಿಲ್ಲ. ದುಡ್ಡಿನ ಕಾರಣ ಇಲ್ಲ ಅಂತ ನಾನು ಹೇಳಲ್ಲ, ಸಂಬಳ ಬೇಕಿತ್ತು, ತಮ್ಮನ ಡಿಪ್ಲೊಮಾ ಫೀಸ್ ಕಟ್ಟೋದಿತ್ತು. ಈ ಕೆಲ್ಸಕ್ಕೆ ಬರೋರಲ್ಲಿ ಅರ್ಧ ಜನಕ್ಕೆ ಮೊದಲ ಕಾರಣ ಇದೇ, ತಿಂಗಳ ಕೊನೆಗೆ ಇಷ್ಟು ಅಂತ ಬರತ್ತೆ. ನನ್ನ ಜೊತೆ ಕೆಲ್ಸ ಮಾಡಿದ ಒಬ್ಳಿಗೆ ಸಣ್ಣ ಮಗು, ಕೋರ್ಟು ಕಕ್ಷಿದಾರ ಅಂತ ರಾತ್ರಿ ಒಂಬತ್ತರ ತನಕ ಇರೋಕಾಗ್ತಿರ್ಲಿಲ್ಲ. ಇನ್ನೊಬ್ಬ ಸಿವಿಲ್ ಜಡ್ಜ್ ಪರೀಕ್ಷೆಗೆ ಓದ್ತಿದ್ದ, ಸಂಜೆ ಐದೂವರೆ ಮೇಲೆ ಟೈಮ್ ಸಿಗತ್ತೆ ಅಂತ ಬಂದಿದ್ದ. ಇದ್ರಲ್ಲಿ ಯಾವುದೂ ಸಣ್ಣ ಕಾರಣ ಅಂತ ನಂಗನ್ಸಲ್ಲ.

ಆದ್ರೆ ಸಂಬಳ ಒಂದೇ ಆಗಿದ್ರೆ ಬ್ಯಾಂಕಿಗೋ ಸೊಸೈಟಿಗೋ ಹೋಗ್ತಿದ್ದೆ. ಕೋರ್ಟಲ್ಲಿ ಇದ್ದಾಗ ನಂಗೆ ನಿಜವಾಗ್ಲೂ ಖುಷಿ ಕೊಡ್ತಿದ್ದಿದ್ದು ಹೊರಗಡೆ ಬೆಂಚಿನ ಮೇಲೆ ಕೂತು ಕಕ್ಷಿದಾರರಿಗೆ ಬಿಡಿಸಿ ಹೇಳೋದು, ಅಜ್ಜಾ ಇವತ್ತು ವಾಯಿದೆ ಮಾತ್ರ, ಈ ಕಾಗದ ಇದಕ್ಕೆ, ಇದನ್ನ ಕಳ್ಕೋಬೇಡಿ ಅಂತ. ಒಳಗೆ ಎದ್ದು ನಿಂತು ವಾದ ಮಾಡೋವಾಗ ಆ ಖುಷಿ ಇರ್ಲಿಲ್ಲ. ಕಾನೂನು ಇಷ್ಟ, ಜಗಳ ಇಷ್ಟ ಇಲ್ಲ. ಅಂಥೋರಿಗೆ ಈ ಕೆಲ್ಸ ಹೇಳಿ ಮಾಡಿಸಿದ ಹಾಗಿದೆ.

ಹುಬ್ಬಳ್ಳೀಲಿ ಮೊದಲ ವರ್ಷಾನೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಒಬ್ಬ ಲೈನ್‌ಮನ್ ಬಂದಿದ್ದ, ಮೂವತ್ತೈದರ ಆಸುಪಾಸು, ಡಿಗ್ರಿ ಮಾರ್ಕ್ಸ್ ಕಾರ್ಡ್ ತೋರ್ಸಿದ, 52 ಪರ್ಸೆಂಟ್ ಇತ್ತು, ಜನರಲ್‌ಗೆ 45 ಸಾಕು, ನಾನು ಫಾರ್ಮ್ ತಗೊಂಡೆ, ಫೀಸ್ ಕಟ್ಟಿಸ್ಕೊಂಡೆ. ಅವನು ಪಿಯುಸಿ ಮಾಡಿರ್ಲಿಲ್ಲ, ಎಸ್ಸೆಸ್ಸೆಲ್ಸಿ ಫೇಲಾಗಿ ಓಪನ್ ಯೂನಿವರ್ಸಿಟೀಲಿ ನೇರವಾಗಿ ಡಿಗ್ರಿ ಮಾಡಿದ್ದ. ಬಾರ್ ಕೌನ್ಸಿಲ್ಲಿನ 2008ರ ನಿಯಮದಲ್ಲಿ ಸ್ಪಷ್ಟವಾಗಿದೆ, ದೂರಶಿಕ್ಷಣದ ಪಿಯುಸಿ ಡಿಗ್ರಿ ನಡೆಯತ್ತೆ, ಆದ್ರೆ ಕೆಳಗಿನ ಮೆಟ್ಟಿಲು ಬಿಟ್ಟು ಓಪನ್ ಪದ್ಧತೀಲಿ ನೇರವಾಗಿ ಮಾಡಿದ್ದು ಲಾ ಸೇರೋಕೆ ನಡೆಯಲ್ಲ. ನಾನು ಆ ನಿಯಮ ಓದಿದ್ದೆ, ಅವತ್ತು ಕೇಳ್ಲಿಲ್ಲ ಅಷ್ಟೇ. ಎರಡು ತಿಂಗಳು ಕ್ಲಾಸಿಗೆ ಬಂದ ಮೇಲೆ ಯೂನಿವರ್ಸಿಟಿಯಿಂದ ಅಪ್ರೂವಲ್ ಆಗದೆ ಫೈಲ್ ವಾಪಸ್ ಬಂತು. ಅವನಿಗೆ ಫೋನ್ ಮಾಡಿದ್ದೂ ನಾನೇ. ಅವನು ಬೈಲಿಲ್ಲ. "ಮೊದ್ಲ ಹೇಳಿದ್ರ ನಾ ಪಿಯುಸಿ ಕಟ್ತಿದ್ನೆಲ್ರಿ ಮೇಡಂ" ಅಂದ, ಇನ್ನೇನೂ ಅನ್ಲಿಲ್ಲ. ಅಜ್ಜನ ಎದುರಿಗೆ ಮೇಜಿನ ಹಿಂದೆ ಕೂತಿದ್ದೋರ ಜಾಗದಲ್ಲಿ ಈಗ ನಾನು ಕೂತಿದ್ದೆ. ಅವತ್ತಿಂದ ನನ್ನ ಕೌಂಟರಲ್ಲಿ ಯಾರು ಬಂದ್ರೂ ಮೊದಲ ಪ್ರಶ್ನೆ ಪರ್ಸೆಂಟೇಜ್ ಅಲ್ಲ, "ಪಿಯುಸಿ ಎಲ್ಲಿ ಮಾಡಿದ್ರಿ?"

2018ರಿಂದ ಶಿರಸೀಲಿದೀನಿ. ಇಲ್ಲಿ ಅಡ್ಮಿಷನ್ ಅಂದ್ರೆ ಮಳೆಗಾಲ, ಜೂನ್ ಜುಲೈ. ಬರೋರ ಕೊಡೆ ಎಲ್ಲಾ ಬಾಗ್ಲ ಹತ್ರ ನೀರಿಳಿಸ್ತಾ ಬಿದ್ದಿರತ್ತೆ, ಸರ್ಟಿಫಿಕೇಟು ಪ್ಲಾಸ್ಟಿಕ್ ಚೀಲದ ಒಳಗೆ ಇನ್ನೊಂದು ಚೀಲ, ಅದ್ರೊಳಗೆ. ಯಾಕೆ ಲಾ ಓದ್ತೀರಿ ಅಂತ ಕೇಳಿದ್ರೆ ನಮ್ಮ ಜಿಲ್ಲೆ ಚರಿತ್ರೆನೇ ಹೊರಗೆ ಬರತ್ತೆ, ಅತಿಕ್ರಮಣ ಜಮೀನಿನ ಅರ್ಜಿ ತಿರಸ್ಕಾರ ಆಗಿರೋ ಮನೆಯೋರು, ಕಾರವಾರದ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟೋರ ಮಕ್ಕಳು, ಕಾಳಿ ಡ್ಯಾಮಿಗೆ ಮುಳುಗಿದ ಊರಿನೋರ ಮೊಮ್ಮಕ್ಕಳು. ಮನೇಲೊಂದು ಟ್ರಂಕಿನ ತುಂಬ ಕಾಗದ ಇದೆ, ಅದನ್ನ ಓದೋಕೆ ಬರೋ ಒಬ್ರಾದ್ರೂ ನಮ್ಮಲ್ಲಿ ಬೇಕು ಅಂತಾರೆ.

2022ರಲ್ಲಿ ಯಲ್ಲಾಪುರ ಕಡೆಯ ಒಬ್ಳು ಹುಡುಗಿ ಅವಳ ಮಾವನ ಜೊತೆ ಬಂದ್ಲು, ಸಿದ್ದಿ ಸಮುದಾಯದೋಳು. ಕೌಂಟರ್ ಹತ್ರ ಬರ್ಲಿಲ್ಲ, ನೋಟಿಸ್ ಬೋರ್ಡ್ ನೋಡಿ ಹಾಗೇ ತಿರುಗಿದ್ಲು. ನಾನು ಕರೆದೆ. "ಇಲ್ಲ ಅಕ್ಕೋರೇ, ನಲವತ್ತೈದು ಬೇಕಂತೆ, ನಂಗಿಲ್ಲ" ಅಂದ್ಲು. ಮಾರ್ಕ್ಸ್ ಕಾರ್ಡ್ ತಗೊಂಡು ನೋಡ್ದೆ, 600ಕ್ಕೆ 251. ರದ್ದಿ ಕಾಗದದ ಹಿಂದೆ ಪೆನ್ಸಿಲಲ್ಲಿ ಅವಳ ಎದುರೇ ಲೆಕ್ಕ ಮಾಡ್ದೆ: 45 ಪರ್ಸೆಂಟ್ ಅಂದ್ರೆ 270, ಅದು ಜನರಲ್‌ಗೆ. ಒಬಿಸಿಗೆ 42 ಅಂದ್ರೆ 252. ಎಸ್‌ಸಿ ಎಸ್‌ಟಿಗೆ 40, ಅಂದ್ರೆ 240. ಉತ್ತರ ಕನ್ನಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದ ಪಟ್ಟೀಲಿದಾರೆ. 240ರ ಕೆಳಗೆ ಗೆರೆ ಎಳೆದು ಕಾಗದ ಅವಳ ಕಡೆ ತಿರುಗಿಸಿದೆ. ಅವಳು ಮಾತಾಡ್ಲಿಲ್ಲ, 251ರ ಮೇಲೆ ಬೆರಳಿಟ್ಟು ಹನ್ನೊಂದು ಜಾಸ್ತಿ ಇದೆ ಅಂತ ಮಾವನಿಗೆ ಕೊಂಕಣಿಯಲ್ಲಿ ಹೇಳಿದ್ಲು. ಜಾತಿ ಪ್ರಮಾಣಪತ್ರ ಇತ್ತು, ಆರ್‌ಡಿ ನಂಬರ್ ಇದ್ದಿದ್ದು, ಆದಾಯದ್ದು ಹಳೇದಾಗಿತ್ತು, ನಾಡಕಚೇರಿಗೆ ಕಳ್ಸಿ ಹೊಸದು ಮಾಡ್ಸಿದ್ವಿ, ಸ್ಕಾಲರ್‌ಶಿಪ್ಪಿಗೆ ಅದೇ ಬೇಕು. ಐದು ವರ್ಷದ ಕೋರ್ಸಿಗೆ ಸೇರಿದ್ಲು. ಈಗ ಪ್ರತಿ ಜೂನಲ್ಲೂ ಅವರ ಕಡೆಯ ಒಬ್ರೋ ಇಬ್ರೋ ಮಕ್ಕಳನ್ನ ಅವಳೇ ಕರ್ಕೊಂಡು ಬರ್ತಾಳೆ, ಲೆಕ್ಕ ಹಾಕೋ ಕೆಲ್ಸ ನಂಗೆ ಬಿಡೋದೇ ಇಲ್ಲ.

ನಮ್ಮ ಅಣ್ಣನ ಸ್ನೇಹಿತನ ಮಗಳು ಅಮೆರಿಕದಲ್ಲಿ ಓದ್ತಿದಾಳೆ, ಅವಳು ಹೇಳಿದ ಮೇಲೆ ನಾನೂ ಓದಿ ತಿಳ್ಕೊಂಡೆ, ಅಲ್ಲಿ ಲಾ ಸ್ಕೂಲ್ ಅಡ್ಮಿಷನ್ ಅನ್ನೋದೇ ಒಂದು ಬೇರೆ ವೃತ್ತಿ. 1948ರಿಂದ ನಡೀತಿರೋ ಎಲ್‌ಸ್ಯಾಟ್ ಪರೀಕ್ಷೆ ಇದೆ, ಅದ್ರ ಅಂಕ, ಡಿಗ್ರಿ ಅಂಕದ ಜೊತೆಗೆ ಹುಡುಗರು ತಮ್ಮ ಬಗ್ಗೆ ಬರೆದ ಪ್ರಬಂಧ, ಮೇಷ್ಟ್ರು ಕೊಟ್ಟ ಪತ್ರ ಎಲ್ಲಾ ಕೂತು ಓದಿ ಆರಿಸ್ತಾರೆ. ಓದೋರಲ್ಲಿ ಎಷ್ಟೋ ಜನ ಲಾ ಡಿಗ್ರಿ ಆಗಿ ವಕೀಲಿಕೆ ಬಿಟ್ಟು ಬಂದೋರು. ಅದು ಕೇಳಿ ನಂಗೆ ಧೈರ್ಯ ಬಂತು, ನನ್ನ ಹಾಗೆ ಯೋಚ್ನೆ ಮಾಡೋರು ಎಷ್ಟೋ ಜನ ಇದಾರೆ ಅಂತ. ನಮ್ಮಲ್ಲಿ ಹಾಗೆ ಆರಿಸೋ ಅಧಿಕಾರ ಇಲ್ಲ. ಪರ್ಸೆಂಟೇಜು, ಮೀಸಲಾತಿ, ಒಂದು ಸೆಕ್ಷನ್ನಿಗೆ 60 ಜನ, ಮುಗೀತು. ಯಾರನ್ನ ತಗೋಬೇಕು ಅಂತ ನಾನು ತೀರ್ಮಾನ ಮಾಡಲ್ಲ, ಅರ್ಹತೆ ಇದ್ದೋರು ಗೊತ್ತಿಲ್ದೇ ವಾಪಸ್ ಹೋಗ್ಬಾರ್ದು, ಅಷ್ಟು ನೋಡ್ತೀನಿ.

ಅದ್ರಲ್ಲೂ ನಂಗೆ ತುಂಬ ಹೊಟ್ಟೆ ಉರಿಯೋದು ಕ್ಲ್ಯಾಟ್ ವಿಷಯಕ್ಕೆ, ಅಂದ್ರೆ ನ್ಯಾಷನಲ್ ಲಾ ಯೂನಿವರ್ಸಿಟಿಗಳಿಗೆ ಸೇರೋಕೆ ಬರೆಯೋ ಪ್ರವೇಶ ಪರೀಕ್ಷೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ನಮ್ಮದೇ ರಾಜ್ಯದಲ್ಲಿದೆ, ಕರ್ನಾಟಕದ ವಿದ್ಯಾರ್ಥಿಗಳಿಗೆ 25 ಪರ್ಸೆಂಟ್ ಮೀಸಲಿದೆ, ಪರೀಕ್ಷೆ ಎರಡು ಗಂಟೆ, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಆದ್ರೆ ಈಗ ಕೆಲವು ವರ್ಷದಿಂದ ಪರೀಕ್ಷೆ ನಡೆಯೋದು ಡಿಸೆಂಬರಲ್ಲಿ. ನಮ್ಮ ಮಕ್ಕಳು ಲಾ ಬಗ್ಗೆ ಯೋಚ್ನೆ ಶುರು ಮಾಡೋದೇ ಸೆಕೆಂಡ್ ಪಿಯು ರಿಸಲ್ಟ್ ಬಂದ್ಮೇಲೆ. 94 ಪರ್ಸೆಂಟ್ ತೆಗೆದ ಹುಡುಗ ಮೇ ತಿಂಗಳಲ್ಲಿ ಬಂದು ಬೆಂಗಳೂರಿಗೆ ಹೆಂಗೆ ಅಪ್ಲೈ ಮಾಡೋದು ಮೇಡಂ ಅಂದ್ರೆ ಏನ್ ಹೇಳ್ಲಿ. ಅದಕ್ಕೇ ಈಗ ಆಗಸ್ಟಲ್ಲೇ ಸಿದ್ದಾಪುರ, ಮುಂಡಗೋಡು, ಅಂಕೋಲಾ ಕಡೆ ಪಿಯು ಕಾಲೇಜುಗಳಿಗೆ ರಜೆ ಹಾಕಿ ಹೋಗ್ತೀನಿ, ತಾರೀಖು ಬೋರ್ಡ್ ಮೇಲೆ ಬರ್ದು ಬರ್ತೀನಿ. ನಮ್ಮ ಕಾಲೇಜಿಗೆ ಬರೋ ಮಕ್ಕಳನ್ನ ಬೇರೆ ಕಡೆ ಕಳಿಸ್ತೀಯಲ್ಲ ಅಂತ ಕೇಳೋರಿದಾರೆ. ಒಳ್ಳೇ ಕಡೆ ಹೋಗ್ಲಿ, ಅದ್ರಲ್ಲಿ ನಂಗೆ ಏನೂ ಕಳ್ಕೊಂಡ ಹಾಗನ್ಸಲ್ಲ.

ಕಷ್ಟ ಇಲ್ಲ ಅಂತಲ್ಲ. ಕ್ಲಾಸಿಗೆ ಬರೋಕಾಗಲ್ಲ, ಡಿಗ್ರಿ ಮಾತ್ರ ಬೇಕು, ಹಾಜರಿ ನೀವೇ ನೋಡ್ಕೊಳ್ಳಿ ಅಂತ ಬರೋರಿದಾರೆ, ದೊಡ್ಡೋರ ಚೀಟಿ ಹಿಡ್ಕೊಂಡು ಬರ್ತಾರೆ. 70 ಪರ್ಸೆಂಟ್ ಹಾಜರಿ ಬೇಕೇ ಬೇಕು ಅಂತೀನಿ, ಕೆಲವ್ರು ಬೈದು ಹೋಗ್ತಾರೆ. ಹೋಗ್ಲಿ. ಓದದೇ ಕರಿಕೋಟು ಹಾಕಿದ ಒಬ್ಬ ವಕೀಲನಿಂದ ಎಷ್ಟು ಮನೆ ಹಾಳಾಗತ್ತೆ ಅಂತ ನಾನು ಕೋರ್ಟಲ್ಲಿ ಕಣ್ಣಾರೆ ಕಂಡೋಳು.

2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸೀತಲ್ಲ, ಅಂಕೋಲಾ ಕುಮಟಾ ಮಧ್ಯೆ ಹೈವೇ ಬಂದ್ ಆಗಿತ್ತು. ಆ ವಾರದಲ್ಲೇ ನಮ್ಮಲ್ಲಿ ಕಾಗದ ಒಪ್ಪಿಸೋಕೆ ಕೊನೇ ದಿನ. ಕಾರವಾರ ಕಡೆಯ ಒಬ್ಬ ಹುಡುಗ ಬರ್ಬೇಕಿತ್ತು, ಬೆಳಗ್ಗೆ ಫೋನ್ ಮಾಡಿ, ಅಕ್ಕಾ ಯಲ್ಲಾಪುರ ಸುತ್ತಿ ಬರ್ತಿದೀನಿ, ಮುಚ್ಬೇಡಿ ಅಂದ. ಐದು ಗಂಟೆ ಆಯ್ತು, ಐದೂವರೆ ಆಯ್ತು, ಪ್ರಿನ್ಸಿಪಾಲರಿಗೆ ಹೇಳಿ ನಾನು ಬಾಗ್ಲು ತೆಗೆದೇ ಇಟ್ಟಿದ್ದೆ. ಐದೂ ಮುಕ್ಕಾಲಿಗೆ ಬಂದ, ತಲೆಯಿಂದ ಕಾಲ ತನಕ ಒದ್ದೆ. ಟಿಸಿ ಸರಿ ಇತ್ತು, ಡಿಗ್ರಿ ಮಾರ್ಕ್ಸ್ ಕಾರ್ಡ್ ಒಂದು ಮೂಲೆ ನೆನೆದು ಸೀಲಿನ ನೇರಳೆ ಶಾಯಿ ಹರಡಿತ್ತು. ಅದನ್ನ ನೋಡಿ ಅವನ ಮುಖ ಸಣ್ಣದಾಯ್ತು, ಹಾಳಾಯ್ತಾ ಅಕ್ಕಾ ಅಂದ. ಹೆಸರು, ನಂಬರ್, ಅಂಕ ಎಲ್ಲಾ ಸ್ಪಷ್ಟ ಇತ್ತು. ಪೇಪರ್ ಮಧ್ಯೆ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ, ಝೆರಾಕ್ಸ್ ಮಾಡಿ, ಒರಿಜಿನಲ್ ನೋಡಿದೀನಿ ಅಂತ ಸಹಿ ಹಾಕಿ ಫೈಲಿಗೆ ಸೇರಿಸ್ದೆ. ವಾಪಸ್ ಹೋಗೋಕೆ ಬಸ್ಸಿರ್ಲಿಲ್ಲ. ರಾತ್ರಿ ನಮ್ಮನೇಲೇ ಉಳಿದ. ಅಪ್ಪ ಆಗ ನಮ್ಮನೇಲೇ ಇದ್ದ, ಊಟ ಆದ್ಮೇಲೆ ಅವನನ್ನ ಪಕ್ಕ ಕೂರಿಸ್ಕೊಂಡು, 7ನೇ ನಂಬರ್ ಫಾರ್ಮ್ ಅಂದ್ರೆ ಎಂಥದು ಗೊತ್ತಿದ್ಯಾ ತಮಾ, ಅಂತ ಶುರು ಮಾಡಿದ. ಹನ್ನೊಂದು ಗಂಟೆಗೆ ನಾನು ಲೈಟ್ ಆರ್ಸೋಕೆ ಹೋದ್ರೆ ಇಬ್ರೂ ಇನ್ನೂ ಮಾತಾಡ್ತಾನೇ ಇದ್ರು.